ಬಯಲಿನವರಿಗೆ ಒಂದು ಸಂದೇಶ

ಎರ್ಮೆಲಿಂದಾ ಹಿಟ್ಟಿನ ಬಿಲ್ಲೆಯ ನಡುವೆ ಬೆರಳಿಂದ ತೂತು ಮಾಡಿ ಕಾದ ಕೊಬ್ಬಿಗೆ ಬಿಟ್ಟಳು. ಅದು ಉಬ್ಬಿ ಮೇಲೆ ಬಂತು. ಪಕ್ಕದ ಕೋಣೆಯಲ್ಲಿ ಗಂಡ ಎವರಿಸ್ತೊನ ಹೆಣ ಪೆಟ್ಟಿಗೆಯಲ್ಲಿತ್ತು. ಹೆಣ ಕಾಯಲು ಬಂದವರ ಹೊಟ್ಟೆ ಬೆಳಗಿನಿಂದ ಖಾಲಿ. ಸಾವಿನ ಮನೆಯಾದರೇನು, ಬಂದವರಿಗೆ ಕರಿದ ರೊಟ್ಟಿಯನ್ನೂ ಮಟೆ ಎಲೆಯ ಕಷಾಯಕ್ಕೆ ಬಿಸಿನೀರನ್ನೂ ತಪ್ಪಿಸುವ ಹೆಂಗಸಲ್ಲ ಅವಳು.

"ಬಿಡಮ್ಮಾ, ನಾನು ಕರೀತೀನಿ," ಎಂದಳು ಮಗಳು ನೋರ್ಮಾ.

"ಕೈ ಸುಮ್ನಿದ್ರೆ ತಲೆ ಸುಮ್ನಿರಲ್ಲ ಕಣೇ. ನೀನು ಇದನ್ನ ಒಳಗೆ ಕೊಡು."

ಒಳಗೆ ಬಡಗಿ ಸಿರಿಯಾಕೊ ಪೆಟ್ಟಿಗೆಯ ಪಕ್ಕದಲ್ಲೇ ಕೂತು ಮಟೆ ಹೀರುತ್ತಿದ್ದ. "ಹೊಟ್ಟೆಯೊಳಗೆ ತಂತಿ ಇಟ್ಕೊಂಡು ಸ್ವರ್ಗಕ್ಕೆ ಹೊರಟೋನು ಈ ಊರಲ್ಲಿ ಇವನೇ ಮೊದಲನೆಯವ್ನು. ಸಂತ ಪೇತ್ರ ಬಾಗಿಲಲ್ಲೇ ತಡೆದು ಜೇಬು ತಡವ್ತಾನೆ, ನೋಡ್ತಿರು."

"ಇವನೇನು ಬಿಡ್ತಾನಾ? ಅಲ್ಲೂ ಚಡ್ಡಿ ಇಳಿಸಿ ಗಾಯ ತೋರಿಸ್ತಾನೆ," ಎಂದಳು ನೆರೆಮನೆಯ ಎವುದೋಸಿಯಾ. "ನಮ್ಮತ್ತೆಗೂ ತೋರಿಸೋಕೆ ಹೋಗಿದ್ದ, ಪಾಪಿ!"

ಎಲ್ಲರೂ ನಕ್ಕು, ನಕ್ಕದ್ದಕ್ಕೆ ಶಿಲುಬೆಯ ಗುರುತು ಮಾಡಿಕೊಂಡರು.

ಎವರಿಸ್ತೊ ಗಾಳಿಯಂತ್ರಗಳ ರಿಪೇರಿಯವನು. ಬಯಲಿನ ಕುರಿದೊಡ್ಡಿಗಳಲ್ಲಿ ನೀರೆತ್ತುವ ಯಂತ್ರ ಎಲ್ಲಿ ಕೆಟ್ಟರೂ ಹೋಗುತ್ತಿದ್ದ. ಬ್ಯೂನಸ್ ಐರಿಸ್‌ನಿಂದ ಗುಣವಾಗಿ ಬಂದಮೇಲೆ ಅವನಿಗೆ ಅದೊಂದೇ ಮಾತು: "ನೆಲ ಅಗೆಯದೆ ಒಳಗಿಂದಲೇ ಕೊಳವೆ ಸರಿ ಮಾಡಿದ್ರು ಕಣಯ್ಯಾ! ತೊಡೆಸಂದೀಲಿ ಇಷ್ಟೇ ಇಷ್ಟು ಕೊಯ್ದು!" ಡಾಕ್ಟರು ಅಷ್ಟನ್ನೇ ಹೇಳಿ ಸುಮ್ಮನಾಗಿರಲಿಲ್ಲ ಎನ್ನುವುದು ಎರ್ಮೆಲಿಂದಾ ಒಬ್ಬಳಿಗೇ ಗೊತ್ತು.

ನೋರ್ಮಾ ಖಾಲಿ ತಟ್ಟೆ ಹಿಡಿದು ಬಂದಳು. "ಅಮ್ಮಾ, ಚಿಕ್ಕಪ್ಪನಿಗೆ ಸುದ್ದಿ ಮುಟ್ಟಿಸಬೇಕಲ್ಲ. ಎಷ್ಟಾದ್ರೂ ತಮ್ಮ. ರೇಡಿಯೊದವರಿಗೆ ಒಂದು ಚೀಟಿ ಕೊಟ್ಬರ್ತೀನಿ."

ಅವನಿರುವ ಮೇಲಿನ ಬಯಲಿಗೆ ಫೋನಿಲ್ಲ, ಅಂಚೆಯಿಲ್ಲ. ಯಾರಿಗೆ ಮಗು ಹುಟ್ಟಿತು, ಯಾರಿಗೆ ಕುದುರೆ ಕಳಿಸಬೇಕು, ಯಾರು ಸತ್ತರು, ಎಲ್ಲವನ್ನೂ ಊರಿನ ರೇಡಿಯೊ ಮಧ್ಯಾಹ್ನ ಎರಡೆರಡು ಸಲ ಓದುತ್ತದೆ. ತಮ್ಮದಲ್ಲದ ಸುದ್ದಿಯನ್ನೂ ಜನ ಊಟ ಬಿಟ್ಟು ಕೇಳುತ್ತಾರೆ.

ಎರ್ಮೆಲಿಂದಾ ಬಾಣಲೆಯನ್ನು ಒಲೆಯಿಂದ ಇಳಿಸಿದಳು.

*

ಬ್ಯೂನಸ್ ಐರಿಸ್‌ನ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು. ಮಂಚದ ಅಂಚಿನಲ್ಲಿ ಕೂತು, ತಂತಿ ಹೆಣೆದು ಮಡಿಸಿದ ಬಟ್ಟೆಯ ಕೊಳವೆಯೊಂದನ್ನು ಕೈಯಲ್ಲಿ ಹಿಡಿದು ತೋರಿಸಿದ್ದಳು. ಹೊಟ್ಟೆಯ ದೊಡ್ಡ ರಕ್ತನಾಳ ಹಳೇ ಟಯರಿನ ಹಾಗೆ ಒಂದು ಕಡೆ ಉಬ್ಬಿದೆ. ಎಕ್ಸ್-ರೇ ಪರದೆ ನೋಡುತ್ತಾ ತೊಡೆಯ ನಾಳದಿಂದ ಇದನ್ನು ಮೇಲಕ್ಕೆ ಸಾಗಿಸುತ್ತೇವೆ. ಉಬ್ಬಿದ ಜಾಗದಲ್ಲಿ ಬಿಚ್ಚಿದರೆ ತಂತಿ ಅರಳಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ರಕ್ತ ಬಟ್ಟೆಯೊಳಗೆ ಹರಿಯುತ್ತದೆ, ಉಬ್ಬಿದ ಗೋಡೆಗೆ ಒತ್ತಡವಿಲ್ಲ.

"ಹೊಸ ವಿದ್ಯೆ, ತಾತಾ. ಮುಚ್ಚಿಟ್ಟು ಹೇಳಲ್ಲ, ಅಪಾಯ ಇದ್ದೇ ಇದೆ. ಬಿಟ್ರೆ ಮಾತ್ರ ಒಂದಿನ ಒಡೆಯತ್ತೆ."

ಎವರಿಸ್ತೊ ಕೊಳವೆಯನ್ನು ಹಿಸುಕಿ, ಬಿಟ್ಟು, ಅದು ಅರಳುವುದನ್ನು ನೋಡಿ ನಕ್ಕಿದ್ದ.

"ಮನೇಲಿ ಯಾರಾದ್ರೂ ಇದ್ದಕ್ಕಿದ್ದ ಹಾಗೆ ಹೋಗಿದ್ರಾ?"

ಅವನ ನಗು ಇಂಗಿಹೋಯಿತು. ಎರ್ಮೆಲಿಂದಾಳೇ ಹೇಳಿದಳು: "ಇವರಪ್ಪ. ಉಣ್ಣೆ ಕತ್ತರಿಸೋವಾಗ ಟಗರು ಹಿಡಿಯೋಕೆ ಹೋದ್ರು. ಬೆನ್ನು, ಹೊಟ್ಟೆ ಅಂತ ಬಿದ್ದೋರು ಏಳಲಿಲ್ಲ."

"ಇದೇ ಇದ್ದಿರಬೇಕು. ಟಗರು ಹಿಡೀದೇ ಇದ್ರೂ ಇನ್ನೊಂದಿನ ಒಡೀತಿತ್ತು. ರಕ್ತದಲ್ಲಿ ಬರೋ ಕಾಯಿಲೆ ಇದು. ಅಣ್ಣತಮ್ಮಂದಿರು ಇದ್ರೆ ಬೇಗ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸ್ಕೊಳ್ಳಲಿ."

ಎವರಿಸ್ತೊ ಗೋಡೆಯ ಕಡೆ ಮಗ್ಗುಲಾದ. ಎಷ್ಟೋ ವರ್ಷಗಳ ಹಿಂದೆ ಅಪ್ಪನ ಹೆಣದ ಮುಂದೆ, ನೆರೆದ ಊರವರೂ ಬಯಲಿನವರೂ ಕೇಳುವ ಹಾಗೆ, ತಮ್ಮ ಅನ್ಸೆಲ್ಮೊನ ಅಂಗಿ ಹಿಡಿದು ಅವನು ಕೂಗಿದ್ದ: "ಮುದುಕನ ಕೈಗೆ ಟಗರು ಕೊಟ್ಟೋನು ನೀನು. ನೀನೇ ಕೊಂದೆ!" ಅವತ್ತು ಕುದುರೆ ಹತ್ತಿ ಹೋದ ಅನ್ಸೆಲ್ಮೊ ಮತ್ತೆ ಊರಿಗೆ ಇಳಿದಿರಲಿಲ್ಲ.

ಊರಿಗೆ ಬಂದಮೇಲೆ ಎವರಿಸ್ತೊ ತಮ್ಮನಿಗೆ ಒಂದು ಕಾಗದ ಬರೆದ. ಬಯಲಿಗೆ ಹೋಗುವ ಉಣ್ಣೆ ಲಾರಿಯವನಿಗೆ ಕೊಟ್ಟು ಬರುತ್ತೇನೆಂದು ಹೋದವನು ಅದನ್ನು ಜೇಬಿನಲ್ಲೇ ವಾಪಸು ತಂದ.

"ರೇಡಿಯೊಗಾದ್ರೂ ಕೊಡ್ರೀ. ಜೀವದ ವಿಷಯ."

"ಊರಿಗೆಲ್ಲ ಡಂಗುರ ಹೊಡೀಲಾ? ನನ್ನ ತಮ್ಮ, ನನ್ನ ಮಾತು. ನೀನು ನಡುವೆ ಬರಬೇಡ. ಮುಂದಿನ ಲಾರಿಗೆ ಹಾಕ್ತೀನಿ."

ಎಷ್ಟೋ ಲಾರಿಗಳು ಹೋದವು. ಅವಳೂ ನಡುವೆ ಬರಲಿಲ್ಲ. ಆದರೆ ಪ್ರತಿ ಮಧ್ಯಾಹ್ನ ಸಂದೇಶ ಓದುವಾಗ ಅನ್ಸೆಲ್ಮೊನ ಸಾವಿನ ಸುದ್ದಿ ಬಾರದಿರಲೆಂದು ಉಸಿರು ಬಿಗಿಹಿಡಿಯುತ್ತಿದ್ದಳು. ಕೊನೆಗೆ ಎವರಿಸ್ತೊನೇ ಮೊದಲು ಹೋದ. ಹೊಟ್ಟೆಯ ಕೊಳವೆ ಗಟ್ಟಿಯಾಗಿಯೇ ಇತ್ತು. ಕೆಮ್ಮು ಎದೆಗಿಳಿದು ಅವನನ್ನು ಕೊಂಡೊಯ್ದಿತು.

*

ಎರ್ಮೆಲಿಂದಾ ಬೀರುವಿನಿಂದ ಕಾಗದ ತೆಗೆದು ಮಗಳ ಕೈಗಿಟ್ಟಳು. ನೋರ್ಮಾ ನಿಂತಲ್ಲೇ ಓದಿ ಮುಗಿಸಿ ಕೂತಳು.

"ತಾತನ್ನ ಚಿಕ್ಕಪ್ಪನೇ ಕೊಂದ ಅಂತ ನಾನು ಹುಟ್ಟಿದಾಗಿಂದ ಕೇಳಿದೀನಲ್ಲಮ್ಮಾ."

"ನಿನಗೊಬ್ಬಳಿಗೇನು, ಎಲ್ಲರಿಗೂ ಅದೇ ಗೊತ್ತಿರೋದು. ಇದನ್ನ ರೇಡಿಯೊಗೆ ಕೊಡ್ತೀನಿ."

"ಇದನ್ನಾ? ಬೇಡಮ್ಮಾ! ಅಪ್ಪನ್ನ ಇನ್ನೂ ಮಣ್ಣು ಮಾಡಿಲ್ಲ. ಸಾವಿನ ಸುದ್ದಿ ಮಾತ್ರ ಹೇಳಿಸೋಣ. ಕಾಗದ ಲಾರೀಲಿ ಹೋಗ್ಲಿ. ಊರೆಲ್ಲ ಕೇಳತ್ತೆ!"

"ಅವರು ಬೈದಿದ್ದೂ ಊರೆಲ್ಲ ಕೇಳೋ ಹಾಗೇ." ಎರ್ಮೆಲಿಂದಾ ಶಾಲು ಹೊದ್ದಳು. "ಲಾರಿ ಬರೋದು ಚಳಿಗಾಲ ಕಳೆದ ಮೇಲೆ. ಅಷ್ಟು ದಿನ ಅವನ ಹೊಟ್ಟೆ ಕಾಯತ್ತೇನೇ? ಒಬ್ಬರನ್ನ ಮಣ್ಣು ಮಾಡೋದು ಸಾಕು ನನಗೆ."

ನೋರ್ಮಾ ಕಾಗದವನ್ನು ಬಿಗಿಹಿಡಿದು ಕೂತಿದ್ದಳು. ತಾಯಿ ಕೈ ಚಾಚಿ ನಿಂತೇ ಇದ್ದಳು. ಕಡೆಗೆ ಮಗಳೇ ಎದ್ದು ಅವಳ ಶಾಲಿನ ಪಿನ್ನು ಹಾಕಿ ಕಾಗದ ಕೊಟ್ಟಳು.

ರೇಡಿಯೊ ಕಚೇರಿಯ ಸೆಲ್ವಾ ಕಾಗದದ ಉದ್ದ ನೋಡಿ ರಾಗ ಎಳೆದಳು. "ಅಕ್ಕಾ, ಇಷ್ಟುದ್ದ ಓದೋ ಹಾಗಿಲ್ಲ. ನಾಲ್ಕು ಸಾಲು ಮಾಡಿಕೊಡ್ಲಾ?"

"ಮೊದಲು ಓದು, ಆಮೇಲೆ ಕತ್ತರಿಸು ತಾಯಿ."

ಸೆಲ್ವಾ ಓದಿದಳು. ಪೆನ್ನಿನ ಮುಚ್ಚಳ ಹಾಕಿ, ಕಾಗದವನ್ನು ಬೇರೆ ಚೀಟಿಗಳ ಮೇಲಿಟ್ಟಳು.

ಪಾದ್ರಿಗೆ ಇನ್ನೊಂದು ಕಡೆ ನಾಮಕರಣವಿತ್ತು. ಸಂದೇಶದ ಹೊತ್ತಿಗೇ ಪೆಟ್ಟಿಗೆ ಎತ್ತಬೇಕಾಯಿತು. ಸಿರಿಯಾಕೊ ಬಗ್ಗಿ ಅದರ ಹಿಡಿಕೆ ಹಿಡಿದಿದ್ದ, ಅಷ್ಟರಲ್ಲಿ ಅಡುಗೆಮನೆಯಿಂದ ಸೆಲ್ವಾಳ ದನಿ ಬಂತು: "ಮೇಲಿನ ಬಯಲಿನ ಅನ್ಸೆಲ್ಮೊ ಅವರಿಗೆ, ಅಣ್ಣ ಎವರಿಸ್ತೊ ತೀರಿಕೊಂಡಿದ್ದಾರೆ. ಅವರು ಬರೆದಿಟ್ಟ ಕಾಗದ ಇದು. ತಮ್ಮಾ, ಅಪ್ಪನನ್ನು ನೀನು ಕೊಲ್ಲಲಿಲ್ಲ..."

ಬಗ್ಗಿದವರು ಬಗ್ಗಿದ ಹಾಗೇ ನಿಂತರು. ಎವುದೋಸಿಯಾ ಶಾಲಿನ ತುದಿ ಬಾಯಿಗಿಟ್ಟುಕೊಂಡಳು. ಕಾಗದ ಮುಗಿಯಿತು.

"ನಡೀರಪ್ಪಾ," ಎಂದಳು ಎರ್ಮೆಲಿಂದಾ.

ಅವರು ಬೀದಿಗಿಳಿಯುವಾಗ ಎರಡನೆಯ ಓದು ಶುರುವಾಯಿತು. ಎದುರುಮನೆಯ ಬಾಗಿಲು ತೆರೆಯಿತು, ಅದರ ಪಕ್ಕದ್ದೂ ತೆರೆಯಿತು. ಗಾಳಿ ಧೂಳೆಬ್ಬಿಸುತ್ತಿದ್ದರೂ ಯಾರೂ ಮುಚ್ಚಲಿಲ್ಲ. ಪೆಟ್ಟಿಗೆ ಒಂದು ಮನೆ ದಾಟುವಷ್ಟರಲ್ಲಿ ದನಿ ಮುಂದಿನ ಮನೆಯಿಂದ ಕೇಳುತ್ತಿತ್ತು. ಒಂದು ಪದವೂ ತಪ್ಪದೆ ಕಾಗದ ಅವರ ಜೊತೆ ಬೀದಿಯುದ್ದಕ್ಕೂ ನಡೆದು ಬಂತು: "...ನೋವಿಲ್ಲ ಅಂತ ಕೂರಬೇಡ, ನನಗೂ ನೋವಿರಲಿಲ್ಲ. ಕುದುರೆ ಹತ್ತಬೇಡ, ಯಾರದಾದರೂ ಗಾಡಿಯಲ್ಲಿ ಬಾ. ನಮ್ಮ ಮನೆಯಲ್ಲೇ ಇಳಿದುಕೋ..."