ತೆರೆಯುವವರಿಲ್ಲದ ಹೆಬ್ಬಾಗಿಲು

ಬಹಳ ಬಹಳ ಹಿಂದೆ, ಗುಡ್ಡಗಳು ಮಂಜನ್ನೇ ಕಂಬಳಿ ಹೊದ್ದು ಮಲಗುತ್ತಿದ್ದ ಚೀನಾ ದೇಶದಲ್ಲಿ ವೆನ್ ಎಂಬ ಮನೆತನವಿತ್ತಂತೆ. ಮೂಲಪುರುಷ ರಾಜನ ಕುದುರೆಗೆ ನೀರು ಕುಡಿಸುವವನು. ಮಗ ಓದು ಕಲಿತ, ಮೊಮ್ಮಗ ಮಂತ್ರಿಯಾದ. ತಲೆಮಾರಿಗೊಂದು ಹೆಬ್ಬಾಗಿಲು ಕಟ್ಟುತ್ತ ಹೋದರಂತೆ. ಬಂದ ನೆಂಟ ಒಳಮನೆ ಮುಟ್ಟುವಷ್ಟರಲ್ಲಿ ಅವನ ಹಸಿವೇ ಸತ್ತುಹೋಗುತ್ತಿತ್ತಂತೆ.

ಇಷ್ಟು ಹೇಳಿ ರಕ್ಷಾ ನಿಲ್ಲಿಸಿದಳು.

"ಹೂಂ," ಎಂದಳು ಮಂಚದ ಮೇಲಿನ ಅಜ್ಜಿ.

ಕೇಳುವವರು ಹೂಂಗುಡದೆ ಕತೆ ಮುಂದೆ ಹೋಗಬಾರದೆಂಬುದು ಆ ಮನೆಯ ಕಟ್ಟಳೆ. ಅಜ್ಜಿ ಉಡಚಮ್ಮ ಚೀನಾ ನೋಡಿದ್ದು ಉಪ್ಪಿನಕಾಯಿ ಜಾಡಿಯ ನೀಲಿ ಚಿತ್ರದಲ್ಲಷ್ಟೇ. ಆದರೂ ವೆನ್ ಮನೆತನ ಏರಿದ್ದನ್ನು ಹೇಳಿ ಹೇಳಿಯೇ ಮೊಮ್ಮಗಳನ್ನು ಬೆಳೆಸಿದ್ದಳು. ಬಿದ್ದದ್ದನ್ನು ಮಾತ್ರ "ದೊಡ್ಡೋಳಾಗು, ಹೇಳ್ತೀನಿ" ಎಂದು ಮುಂದೂಡಿದಳು. ಅಷ್ಟರಲ್ಲಿ ಲಕ್ವ ಹೊಡೆದು ಮಾತು ನಿಂತಿತು, ಹೂಂ ಒಂದು ಉಳಿಯಿತು. "ನಾನೇ ಮುಗಿಸ್ತೀನಜ್ಜಿ," ಎಂದು ರಕ್ಷಾ ಮಾತು ಕೊಟ್ಟಿದ್ದಳು.

ಇವತ್ತು ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನ್ಯಾಮತಿಯ ಶಾಲೆಯಲ್ಲಿ ಅವಳ ಜೊತೆ ಪಾಠ ಮಾಡುವ ಶರಣು, ಅವಳೇ ಮೆಚ್ಚಿದವನು. ಅವನ ಮನೆಯವರು ಜಗಳೂರಿನಿಂದ ಚನ್ನಗಿರಿಯ ಈ ಮನೆಗೆ ಬಂದು ಹೆಣ್ಣು ಕೇಳಿ ಹೋಗಿದ್ದರು. ಸಂಜೆಯೊಳಗೆ ಉತ್ತರ ಹೇಳಬೇಕು. ಹೊನ್ನಾಳಿಯ ಎರಡು ಸಂಬಂಧಗಳನ್ನು "ನಮ್ಮ ಮನೆತನಕ್ಕೆ ಸಮ ಅಲ್ಲ" ಎಂದು ವಾಪಸು ಕಳಿಸಿದ್ದ ಅಪ್ಪ ಓಂಕಾರಪ್ಪ, ಫೋನ್ ಹಿಡಿದು ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ.

"ಆಮೇಲೆ ರಾಜ ಸಿಟ್ಟಾಗಿ ಮನಿ ಸುಡಿಸಿದ," ಎಂದಳು ರಕ್ಷಾ. ಅಜ್ಜಿ ತುಟಿ ಬಿಚ್ಚಲಿಲ್ಲ.

"ಹೊಳಿ ಬಂದು ಕೊಚ್ಕೊಂಡು ಹೋತಾ? ಅಣ್ಣತಮ್ಮರು ಹೊಡದಾಡಿದ್ರಾ?"

ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿದಳು.

"ಏನ್ ಗದ್ದಲನೇ ನಿಂದು?" ಅಪ್ಪ ಒಳಗೆ ಇಣುಕಿದ. "ಅವ್ರಿಗೆ ಹೆಂಗೆ ಇಲ್ಲ ಅನ್ನಾದು ಅಂತ ನನಗೆ ತಲಿ ಕೆಟ್ಟೈತೆ. ಆ ಹುಡುಗನ ತಾತ ನಮ್ಮಂಥೋರ ಪಡಸಾಲಿ ಹತ್ತಿದೋನಲ್ಲ."

"ನಮ್ಮ ಮುತ್ತಾತ ಏನ್ ಮಾಡ್ತಿದ್ದ ಅಪ್ಪಾಜಿ?"

"ಸಾಸ್ವೆಹಳ್ಳಿಯಾಗೆ ಮಂದಿ ಎತ್ತು ಮೇಯಿಸ್ತಿದ್ದ. ಅದಕ್ಕೇನೀಗ?"

ರಕ್ಷಾ ಉಪ್ಪಿನಕಾಯಿ ಜಾಡಿಯ ಕಡೆ ನೋಡಿದಳು. ಅದರ ನೀಲಿ ಚಿತ್ರದ ಕಿಟಕಿಯಲ್ಲಿ ಯಾವಾಗಲೂ ಒಬ್ಬ ಹೆಂಗಸು ನಿಂತೇ ಇರುತ್ತಿದ್ದಳು.

"ಅಜ್ಜಿ, ಒಂದಿನ ರಾಜನೇ ಹೆಣ್ಣು ಕೇಳಾಕೆ ಬಂದ. 'ನಿನ್ನೆ ಮೊನ್ನೆ ಪಟ್ಟಕ್ಕೆ ಬಂದೋನು ನೀನು, ನಮಗೆ ಸಮ ಅಲ್ಲ' ಅಂದ್ರು."

"ಹೂಂ!"

"ದಂಡಿನೋರು ಬಂದ್ರು, ರೇಷ್ಮಿ ವ್ಯಾಪಾರದೋರು ಬಂದ್ರು. ಯಾರೂ ಸಮ ಆಗ್ಲಿಲ್ಲ. ಹೆಣ್ಮಕ್ಕಳು ಕಿಟಕಿಯಾಗೆ ನಿಂತು ನಿಂತೇ ಮುದುಕೇರಾದ್ರು."

"ಹೂಂ."

ಪಡಸಾಲೆಯಲ್ಲಿ ಹೆಜ್ಜೆ ಸಪ್ಪಳ ನಿಂತಿತು.

"ಯಾರೂ ಸುಡ್ಲಿಲ್ಲ, ಯಾರೂ ದೋಚ್ಲಿಲ್ಲ. ಹೆಬ್ಬಾಗಿಲು ಅಷ್ಟೂ ಉಳಕೊಂಡ್ವು. ತೆಗಿಯಾಕೆ ಒಳಗೆ ಜನ ಇರಲಿಲ್ಲ."

ಅಜ್ಜಿ ಹೂಂಗುಡಲಿಲ್ಲ. ರಕ್ಷಾ ಮಂಚದ ಮೇಲೆ ಬಾಗಿದಳು. ಇದೂ ತಪ್ಪೇ? ಅಜ್ಜಿ ನೋಡುತ್ತಿದ್ದುದು ಅವಳನ್ನಲ್ಲ, ಹೊಸ್ತಿಲ ಮೇಲೆ ನಿಂತ ಮಗನನ್ನು.

"ನನ್ನ ಯಾಕೆ ನೋಡ್ತೀಯವ್ವಾ? ಕತಿ ಹೇಳಿದೋಳು ಅವಳು," ಎಂದ ಓಂಕಾರಪ್ಪ. ಫೋನನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ತಾಯಿ ಕಣ್ಣು ಕೀಳಲಿಲ್ಲ.

ಕೊನೆಗೆ ಗಂಟಲು ಸರಿಮಾಡಿಕೊಂಡು ಜಗಳೂರಿಗೆ ಫೋನ್ ಹಚ್ಚಿದ. "ನಮಸ್ಕಾರ ರೀ. ಹುಡುಗಿ ಒಪ್ಪ್ಯಾಳ್ರಿ... ನಾವೂ ಒಪ್ಪೀವಿ. ಬರ್ರಿ, ಕುಂತು ಮಾತಾಡಾಣ."

ಆಮೇಲೆ, ನಿದ್ದೆಗೆ ಜಾರುವ ಮಗುವಿನಂತೆ ಕಣ್ಣು ಮುಚ್ಚುತ್ತ, ಅಜ್ಜಿ ಕತೆಗೆ ಬಾಕಿ ಉಳಿದಿದ್ದ ಆ ಒಂದು ಹೂಂ ಅಂದಳು.