ಮಿಮೂನ್ ಬಿಟ್ಟು ಓದಿದ ಪುಟ

ಸೆಫ್ರೂ ಊರಿನ ಹಳೇ ಓಣಿಯಲ್ಲಿ ಮನೆಮನೆಯವರೂ ರೊಟ್ಟಿ ಬೇಯಿಸಲು ಕಳಿಸುವ ಭಟ್ಟಿ ನೋಡಿಕೊಳ್ಳುವವನಿಗೆ ಎಲ್ಲರ ಮನೆಯ ಗುಟ್ಟೂ ಗೊತ್ತಿರುತ್ತದೆ. ಹಲಗೆಯ ಮೇಲೆ ಬರುವ ಹಸಿ ರೊಟ್ಟಿ ನೋಡಿದರೆ ಸಾಕು, ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರ ಮನೆಯ ಹಿಟ್ಟಿನ ಡಬ್ಬ ತಳ ಕಂಡಿದೆ ಎಂದು ಮಿಮೂನ್ ಹೇಳಬಲ್ಲ. ನಲವತ್ತು ವರ್ಷ ಅದೇ ಬೆಂಕಿಯ ಮುಂದೆ ನಿಂತವನು. ಆದರೆ ಅವನ ಐದು ವರ್ಷದ ಮೊಮ್ಮಗಳು ಯಾಮ್ನಾ ಆರು ತಿಂಗಳಿಂದ ಬಾಯಿ ಬಿಟ್ಟಿರಲಿಲ್ಲ. ಏಕೆ ಎಂಬುದು ಅವನಿಗೆ ತಿಳಿದಿರಲಿಲ್ಲ.

ಚಳಿಗಾಲದಲ್ಲಿ ಮಗುವಿನ ತಾಯಿ, ಮಿಮೂನನ ಒಬ್ಬಳೇ ಮಗಳು ಖದ್ದೂಜ್, ಕಾಯಿಲೆ ಬಿದ್ದು ಫೆಜ್ ಪಟ್ಟಣದ ಆಸ್ಪತ್ರೆಗೆ ಹೋದಳು. ಹನ್ನೊಂದನೆಯ ದಿನ ಹೆಣವಾಗಿ ಮನೆಗೆ ಬಂದಳು. ಮಣ್ಣು ಮಾಡುವ ಹೊತ್ತಿಗೆ ಮಗುವನ್ನು ಹಿಂದಿನ ಓಣಿಯಲ್ಲಿದ್ದ, ಅಪ್ಪನ ಕಡೆಯ ಚಿಕ್ಕಮ್ಮನ ಮನೆಗೆ ಸಾಗಿಸಿಬಿಟ್ಟರು. ಎಳೆಯ ಮಕ್ಕಳ ಕಿವಿಗೆ ಸಾವು ಬೀಳಬಾರದು ಎಂಬುದು ಹಿರಿಯರು ನಡೆಸಿಕೊಂಡು ಬಂದ ರೂಢಿ. ಮಗುವಿನ ಅಪ್ಪ ದೂರದ ಅಗಾದಿರಿನ ಮೀನುದೋಣಿಯಲ್ಲಿ ದುಡಿಯುವವನು, ಬಂದು ಅತ್ತು ಹೋದ. “ಅಮ್ಮ ಫೆಜ್‌ನಲ್ಲಿದಾಳೆ, ಬರ್ತಾಳೆ” ಎಂದು ಇಡೀ ಓಣಿ ಒಂದೇ ಬಾಯಲ್ಲಿ ಹೇಳಿತು. ರೊಟ್ಟಿ ತರುವ ಹೆಂಗಸರು ಮಗುವಿನ ಕೈಗೆ ಬಾದಾಮಿ ಮಿಠಾಯಿ ಇಟ್ಟು, “ನಿಮ್ಮಮ್ಮ ಕಳಿಸಿದ್ದು ಕಣೇ” ಎನ್ನುತ್ತಿದ್ದರು. ಮೊದಮೊದಲು ತಿಂದಳು. ಆಮೇಲೆ ಕೈ ಚಾಚುವುದನ್ನು ಬಿಟ್ಟಳು. ಕೊನೆಗೆ ಮಾತೂ ನಿಂತಿತು.

ಸೆಪ್ಟೆಂಬರಿಗೆ ಶಾಲೆ. ಮಾತಾಡದ ಮಗುವನ್ನು ಸೇರಿಸಿಕೊಳ್ಳುವುದು ಕಷ್ಟ ಎಂದು ಅಲ್ಲಿಯವರು ಹೇಳಿಬಿಟ್ಟರು. ಮಿಮೂನ್ ಮಗುವನ್ನು ಎತ್ತಿಕೊಂಡು ದವಾಖಾನೆಯ ದಾದಿ ಲಲ್ಲಾ ಬತೂಲಳ ಬಳಿ ಹೋದ.

“ಕಿವಿ ಸರಿಯಿದೆ, ನಾಲಿಗೇನೂ ಸರಿಯಿದೆ ಮಿಮೂನಜ್ಜ,” ಎಂದಳು ಬತೂಲ್. “ದಿನಾ ಕಾಲು ಗಂಟೆ ಪಕ್ಕದಲ್ಲಿ ಕೂರಿಸ್ಕೊಂಡು ಕತೆಪುಸ್ತಕ ಗಟ್ಟಿಯಾಗಿ ಓದಿ. ಒಂದು ದಿನಾನೂ ತಪ್ಪಿಸ್ಬೇಡಿ. ಏನೂ ಕೇಳ್ಬೇಡಿ, ಸುಮ್ನೆ ಓದಿ.”

“ಕಾಲು ಗಂಟೆ ಓದಿದ್ರೆ ಮಾತು ಬರುತ್ತೇನಮ್ಮಾ?”

“ನೆಲ ನೆನೀದೆ ಬೀಜ ಏಳುತ್ತಾ?” ಎಂದು ಎರಡು ಚಿತ್ರದ ಪುಸ್ತಕ ಕೊಟ್ಟು ಕಳಿಸಿದಳು.

ಮಧ್ಯಾಹ್ನದ ರೊಟ್ಟಿಗಳೆಲ್ಲ ಮನೆ ಸೇರಿದ ಮೇಲೆ ಭಟ್ಟಿಯ ಮುಂದಿನ ಕಲ್ಲುಬೆಂಚಿನ ಮೇಲೆ ಓದು ಶುರುವಾಯಿತು. ಮಿಮೂನ್ ಓದು ಕಲಿತದ್ದು ಮಸೀದಿಯ ಪಕ್ಕದ ಕೋಣೆಯಲ್ಲಿ. ಅಲ್ಲಿ ಫಕೀಹ್ ಮೇಷ್ಟ್ರು ಒಂದು ಸಾಲು ಹೇಳುವುದು, ಹುಡುಗರು ಮೈ ತೂಗುತ್ತ ಅದನ್ನೇ ಒಪ್ಪಿಸುವುದು, ತಪ್ಪಿದರೆ ಕೋಲು. ಓದು ಎಂದರೆ ಹೀಗೆಯೇ ಎಂದು ಅವನು ತಿಳಿದಿದ್ದ. ಒಂದು ಸಾಲು ಓದಿ, “ಹ್ಞೂ, ಹೇಳು!” ಎಂದು ಬೆಂಚಿಗೆ ಕಡ್ಡಿಯಿಂದ ಕುಟ್ಟುತ್ತಿದ್ದ. ನಾಲ್ಕನೆಯ ದಿನ ಪುಸ್ತಕ ಕಂಡೊಡನೆ ಮಗು ಸೌದೆ ರಾಶಿಯ ಹಿಂದೆ ಅಡಗಿತು.

ಹೆಂಡತಿ ತಾಮೋ ಹಲಗೆ ಹೊತ್ತು ಒಳಗೆ ಬಂದವಳು ನಿಂತು ನೋಡಿದಳು. “ಏನ್ರೀ, ಮಗೂಗೆ ಕತೆ ಹೇಳ್ತಿದೀರೋ, ಕಳ್ಳನ್ನ ಹಿಡಿದು ಬಾಯಿ ಬಿಡಿಸ್ತಿದೀರೋ?”

“ಹೇಳಿಸದೆ ಬರುತ್ತೇನೇ?”

“ರೊಟ್ಟಿ ಉಬ್ಬಲಿಲ್ಲ ಅಂತ ಕೋಲಲ್ಲಿ ತಿವೀತೀರಾ ನೀವು? ಬಿಡ್ತೀರ ತಾನೆ ಅದರ ಪಾಡಿಗೆ?”

ಮಾತು ನಾಟಿತು. ಮಿಮೂನ್ ಕಡ್ಡಿಯನ್ನು ಭಟ್ಟಿಗೆ ಹಾಕಿದ. ಪುಸ್ತಕದ ಅರಬ್ಬಿ ಬಿಗಿ; ಮನೆಯಲ್ಲಿ ಯಾರೂ ಹಾಗೆ ಆಡುವುದಿಲ್ಲ. ಹಾಗಾಗಿ ಒಂದು ಸಾಲು ಓದಿ, ಅದನ್ನೇ ಮನೆಮಾತಿನಲ್ಲಿ ಬಿಡಿಸಿ ಹೇಳತೊಡಗಿದ. ನರಿಯ ಮಾತಿಗೆ ಒಂದು ದನಿ, ಕತ್ತೆಯ ಮಾತಿಗೆ ಇನ್ನೊಂದು. ಮಗು ಸೌದೆಯ ಹಿಂದಿನಿಂದ ಇಣುಕಿತು. ಎಂಟು ದಿನಕ್ಕೆ ಬೆಂಚಿನ ತುದಿಗೆ ಬಂತು. ತಿಂಗಳು ತುಂಬುವಷ್ಟರಲ್ಲಿ ಅವನ ತೋಳಿಗೆ ಒರಗಿ ತಾನೇ ಪುಟ ತಿರುವುತ್ತಿತ್ತು. ಮಾತು ಮಾತ್ರ ಇಲ್ಲ.

ಎರಡನೆಯ ಪುಸ್ತಕ ಕೊಕ್ಕರೆಗಳದು. ಗೋಡೆಯ ಮೇಲೆ ಗೂಡು, ಎರಡು ಮರಿ. ಚಳಿಗೆ ದಕ್ಷಿಣಕ್ಕೆ ಹಾರಿದ ತಾಯಿ ಕೊಕ್ಕರೆ ಬಿರುಗಾಳಿಗೆ ಸಿಕ್ಕಿ ಸಾಯುತ್ತದೆ. ಆ ಪುಟ ಕಂಡಾಗ ಮಿಮೂನ್ ಎರಡು ಹಾಳೆಯನ್ನು ಒಟ್ಟಿಗೆ ಮಗುಚಿ, “ಅಷ್ಟರಲ್ಲಿ ವಸಂತ ಬಂತು, ಅಮ್ಮ ಕೊಕ್ಕರೇನೂ ಬಂದೇಬಿಡ್ತು!” ಎಂದ. ಒಂಬತ್ತು ದಿನ ಹಾಗೇ ಓದಿದ.

ಹತ್ತನೆಯ ದಿನ ಮಗುವಿನ ಪುಟ್ಟ ಬೆರಳು ಹಾಳೆಗಳ ನಡುವೆ ತೂರಿತು. ಅವನು ದಾಟಿಸಿದ್ದ ಪುಟವನ್ನು ಹಿಂದಕ್ಕೆ ತಿರುವಿ ಅಂಗೈಯಲ್ಲಿ ಅದುಮಿ ಹಿಡಿಯಿತು. ಚಿತ್ರದಲ್ಲಿ ಗಂಡು ಕೊಕ್ಕರೆ ಒಂದೇ ನಿಂತಿತ್ತು, ಪಕ್ಕದ ಜಾಗ ಖಾಲಿ.

“ಅದು ಬೇಡ ಬಿಡು ಕಂದ.”

ಕೈ ಅಲುಗಲಿಲ್ಲ. ಸಂಜೆಯ ರೊಟ್ಟಿ ಬೇಯಲು ಕಾದಿದ್ದ ನೆರೆಯ ಝೋಹ್ರಾ, “ಓದ್ಬೇಡ ಮಿಮೂನಣ್ಣ, ಪಾಪ ಕಣೋ. ಇನ್ನೊಂದು ಸುಳ್ಳು ಹೇಳಿಬಿಡು, ಏನು ಹೋಗುತ್ತೆ?” ಎಂದು ಪಿಸುಗುಟ್ಟಿದಳು.

ಮಿಮೂನ್ ಮಗುವಿನ ಮುಖ ನೋಡಿದ. ದಿನವೂ ಬಂದು ಕುಳಿತದ್ದು ತನ್ನನ್ನು ನಂಬಿ. ಈ ಪುಟವನ್ನು ಮತ್ತೆ ಹಾರಿಸಿದರೆ ನಾಳೆಯಿಂದ ಬೆಂಚು ಬರಿದಾಗುತ್ತದೆ ಎಂದು ಅವನಿಗೆ ಅನ್ನಿಸಿತು. ಕನ್ನಡಕ ಒರೆಸಿಕೊಂಡು ಓದಿದ. ಬಿರುಗಾಳಿ ಓದಿದ, ಮರಳು ಓದಿದ. “ಅಮ್ಮ ಕೊಕ್ಕರೆ ಮತ್ತೆ ಬರಲೇ ಇಲ್ಲ. ಸತ್ತುಹೋಯ್ತು,” ಎಂದು ಮನೆಮಾತಿನಲ್ಲೂ ಹೇಳಿದ.

“ನಮ್ಮಮ್ಮನ ಥರ,” ಎಂದಿತು ಮಗು.

ಬಳಸದೆ ಒರಟಾಗಿದ್ದ ದನಿ. ಝೋಹ್ರಾ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡಳು.

“ಹೌದು ಕಂದ. ನಿಮ್ಮಮ್ಮನ ಥರ.”

“ನಂಗೊತ್ತಿತ್ತು. ಚಿಕ್ಕಮ್ಮನ ಮಾಳಿಗೆಯಿಂದ ನೋಡ್ದೆ. ಎತ್ಕೊಂಡು ಹೋಗ್ತಿದ್ರು, ನೀನು ಮುಂದೆ ಇದ್ದೆ.” ಮಗು ಚಿತ್ರದ ಮೇಲೆ ಬೆರಳಾಡಿಸಿತು. “ಆಮೇಲೆ ನೀವೆಲ್ಲ ಬರ್ತಾಳೆ ಬರ್ತಾಳೆ ಅಂದ್ರಿ. ನಿಮಗೆ ಮರ್ತುಹೋಗಿದೆ ಅಂದ್ಕೊಂಡೆ. ಮಾತಾಡಿದ್ರೆ ಬಾಯಿಂದ ಅದು ಬಂದುಬಿಡುತ್ತೆ, ಅಜ್ಜಿ ಅಳ್ತಾಳೆ ಅಂತ ಸುಮ್ನಿದ್ದೆ.”

ಇಷ್ಟು ಸಣ್ಣ ಜೀವ ಇಡೀ ಓಣಿಯನ್ನು ಅಷ್ಟೂ ತಿಂಗಳು ಕಾಪಾಡಿತ್ತು. ಮಿಮೂನ್ ಅವಳನ್ನು ತಬ್ಬಿಕೊಂಡ. ಮಗು ಆಗ ಅತ್ತಿತು, ಬಿಕ್ಕಿ ಬಿಕ್ಕಿ, ತಡೆಯಿಲ್ಲದೆ. ಒಳಗೆ ರೊಟ್ಟಿ ಕರಕಲಾಗಿ ಹೊಗೆ ಎದ್ದಿತು. ಝೋಹ್ರಾ ತಾನೇ ಉದ್ದ ಹಿಡಿಯ ಹಲಗೆ ತೆಗೆದುಕೊಂಡು ಸುಟ್ಟದ್ದನ್ನೆಲ್ಲ ಹೊರಗೆಳೆದಳು.

ಸುದ್ದಿ ತಿಳಿದ ತಾಮೋ, ಮಗುವಿಗೆ ಹೇಳಿಬಿಟ್ಟನೆಂದು ಮುನಿದು, ಅಂದು ಗಂಡನ ಜೊತೆ ಮಾತಾಡಲಿಲ್ಲ. ಮಾರನೆಯ ದಿನ ಓದಿನ ಹೊತ್ತಿಗೆ ಭಟ್ಟಿಯ ಬಾಗಿಲಲ್ಲಿ ಬಂದು ನಿಂತಳು. ಮಿಮೂನ್ ಪುಸ್ತಕ ತೆರೆದ. ಯಾಮ್ನಾ ಸರಿದು ಜಾಗ ಮಾಡಿದಳು.

“ಅಜ್ಜೀ, ನೀನೂ ಕೂತ್ಕೋ. ಅಜ್ಜ ಇವತ್ತು ಎಲ್ಲಾ ಪುಟ ಓದ್ತಾನೆ.”

ತಾಮೋಗೆ ಅಕ್ಷರ ಬಾರದು. ಮಗಳು ಹೋದಾಗಿನಿಂದ ಮಗುವಿನೆದುರು ಕಣ್ಣೊದ್ದೆ ಮಾಡಿದವಳೂ ಅಲ್ಲ. ಮೊಮ್ಮಗಳ ಪಕ್ಕ ಕುಳಿತು ಕೇಳಿದಳು. ಬಿರುಗಾಳಿಯ ಪುಟ ಬಂದಾಗ ಅವಳ ಭುಜ ನಡುಗಿತು. ಮಗು ತಿರುಗಿ ನೋಡಿ, ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಿತು.

“ಓದು ಅಜ್ಜ,” ಎಂದಳು ಯಾಮ್ನಾ. “ನಿಲ್ಲಿಸ್ಬೇಡ. ಅವಳು ಅಳ್ಲಿ.”