ವೇಗದ ಗಣಿತ

ಮಾಂಸದ ಮಾರುಕಟ್ಟೆಯಲ್ಲಿ ಅವಳನ್ನು ಕತ್ತಿಯಕ್ಕ ಎಂದೇ ಕರೆಯುತ್ತಿದ್ದರು. ಆ ಹೆಸರು ಕೈಯಲ್ಲಿದ್ದ ಕತ್ತಿಯಿಂದ ಬಂದದ್ದೋ ಬಾಯಲ್ಲಿದ್ದ ನಾಲಿಗೆಯಿಂದ ಬಂದದ್ದೋ ಎಂದು ಎದುರಿಗೆ ನಿಂತು ಕೇಳಿದವರಿಲ್ಲ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಒಬ್ಬಳೇ ನಡೆಸಿಕೊಂಡು ಬಂದಿದ್ದಳು. ಇಡೀ ಕುರಿಯನ್ನು ಹೆಗಲ ಮೇಲೆ ಹೊತ್ತು ತಂದು ತಾನೇ ಕೊಕ್ಕೆಗೆ ಸಿಕ್ಕಿಸುತ್ತಿದ್ದಳು. ಪಕ್ಕದ ಅಂಗಡಿಯವನು ಒಮ್ಮೆ ತನ್ನ ಕತ್ತರಿಸುವ ದಿಮ್ಮಿಯನ್ನು ಇವಳ ಜಾಗಕ್ಕೆ ಒಂದು ಗೇಣು ಸರಿಸಿದ್ದಕ್ಕೆ ಅವನ ಮುಂದಿನ ಹಲ್ಲೊಂದು ಹೋಗಿತ್ತು. ಊತ ಇಳಿದ ಮೇಲೆ ಅವನೇ ಬಂದು, “ಅಕ್ಕಾ, ಬಾಯಲ್ಲಿ ಹೇಳಿದ್ರೆ ಆಗ್ತಿರ್ಲಿಲ್ವಾ?” ಅಂದ.

“ಹೇಳಿದ್ರೆ ಕೇಳ್ತಿದ್ಯಾ?”

ಅವನು ಸ್ವಲ್ಪ ಯೋಚಿಸಿ, ಇಲ್ಲವೆಂದು ತಲೆಯಾಡಿಸಿದ.

ಅವಳಿಗೆ ಒಬ್ಬಳೇ ಮಗಳು. ಗಿರಾಕಿಗಳು ಆ ಹುಡುಗಿಗೆ ಮಿಷನ್ನು ಎಂದು ಹೆಸರಿಟ್ಟಿದ್ದರು. ತಕ್ಕಡಿಯ ಮುಳ್ಳು ಅಲ್ಲಾಡುವುದು ನಿಲ್ಲುವುದರೊಳಗೆ ಲೆಕ್ಕ ಬಾಯಲ್ಲಿರುತ್ತಿತ್ತು. ಅದನ್ನು ಕೇಳಿದಾಗಲೆಲ್ಲ ಕತ್ತಿಯಕ್ಕನ ಎದೆ ಒಂದು ಸುತ್ತು ಹಿಗ್ಗುತ್ತಿತ್ತು. ಹೊಗಳಿ ಗೊತ್ತಿಲ್ಲದ ಹೆಂಗಸು, “ನಿಂತ್ಕೊಂಡು ಏನ್ ನೋಡ್ತೀಯಾ, ಕವರ್ ಕೊಡು” ಎಂದು ಗದರುತ್ತಿದ್ದಳು.

ಏಳನೇ ಕ್ಲಾಸು ಮುಗಿದಾಗ ಶಾಲೆಯಲ್ಲಿ ತಂದೆತಾಯಿಗಳನ್ನೆಲ್ಲ ಕರೆಸಿ ಸಭೆ ಮಾಡಿದರು. ಗಣಿತದ ಟೀಚರ್ ಕಪ್ಪುಹಲಗೆಯ ಮೇಲೆ ಎರಡು ಉದ್ದ ಗೆರೆ ಎಳೆದು ಏನೇನೋ ವಿವರಿಸಿದರು. ಮಕ್ಕಳು ಇನ್ನು ಮೇಲೆ ಎರಡು ದಾರಿಯಲ್ಲಿ ಗಣಿತ ಕಲಿಯುತ್ತಾರೆ, ಒಂದು ಸಾಮಾನ್ಯ, ಒಂದು ವೇಗದ್ದು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದವರು ವೇಗದ ಸೆಕ್ಷನ್‌ಗೆ. ಕತ್ತಿಯಕ್ಕನ ತಲೆಯೊಳಗೆ ಇಳಿದದ್ದು ಒಂದೇ ಮಾತು: ವೇಗದ ಸೆಕ್ಷನ್‌ನವರು ಒಂದು ವರ್ಷ ಮುಂದೆ ಇರುತ್ತಾರೆ. ಮಗಳ ಹೆಸರು ಆ ಪಟ್ಟಿಯಲ್ಲಿ ಬಂದಾಗ ಅವಳು ಇಡೀ ಮಾರುಕಟ್ಟೆಗೆ ಕೇಳುವ ಹಾಗೆ ಹೇಳಿಕೊಂಡಳು. ಹಲ್ಲು ಕಳೆದುಕೊಂಡವನಿಗೂ ಹೇಳಿದಳು.

ಎಂಟನೇ ಕ್ಲಾಸಿನ ಮೊದಲ ಪರೀಕ್ಷೆಯಲ್ಲಿ ಮಗಳಿಗೆ ಗಣಿತದಲ್ಲಿ ಅರ್ಧಕ್ಕಿಂತ ಕಡಿಮೆ ಅಂಕ ಬಂತು.

“ಇದೇನೇ ಇದು?”

“ಬೀಜಗಣಿತ ಅಮ್ಮ. ಅಂಕಿ ಬದಲು ಅಕ್ಷರ ಇರುತ್ತೆ. ಅವರು ಬೇಗ ಬೇಗ ಹೋಗ್ತಾರೆ. ಯಾಕೆ ಹಾಗೆ ಮಾಡ್ಬೇಕು ಅಂತ ಗೊತ್ತಾಗೋದ್ರೊಳಗೆ ಮುಂದಿನ ಪಾಠ...”

ಮಾತು ಮುಗಿಯಲಿಲ್ಲ. ಕತ್ತಿಯಕ್ಕ ಮಗಳ ಜಡೆ ಹಿಡಿದು ಮುಖವನ್ನು ಮೇಜಿಗೆ ಒತ್ತಿದಳು. “ಬೇಗ ಹೋಗ್ತಾರಾ? ನೀನೂ ಬೇಗ ಹೋಗು! ಕಾಲಿಲ್ವಾ ನಿಂಗೆ?” ಎನ್ನುತ್ತ ಬೆನ್ನಿಗೆ ಗುದ್ದಿದಳು. ಕೈ ಸೋಲುವವರೆಗೂ ಗುದ್ದಿದಳು. ದಿನವೂ ಎಲುಬು ಕಡಿಯುವ ಕೈ ಅಷ್ಟು ಬೇಗ ಸೋಲುವಂಥದ್ದಾಗಿರಲಿಲ್ಲ. ಹುಡುಗಿ ಕಿರುಚಲಿಲ್ಲ. ಕಿರುಚಿದರೆ ಇನ್ನೂ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ಮಾರನೆಯ ದಿನ ಅಂಗಡಿಯಲ್ಲಿ ಮಗಳು ಬಗ್ಗಿ ಕವರ್ ಎತ್ತಿಕೊಳ್ಳುವಾಗ ನೋವಿಗೆ ಹಲ್ಲು ಕಚ್ಚಿದ್ದನ್ನು ಕತ್ತಿಯಕ್ಕ ನೋಡಿದಳು. ನೋಡಿ ಮುಖ ತಿರುಗಿಸಿಕೊಂಡಳು. ಹೊಡೆದರೆ ತಾನೇ ಬುದ್ಧಿ ಬರೋದು ಎಂದು ತನಗೆ ತಾನೇ ಹೇಳಿಕೊಂಡಳು.

ಆಮೇಲೆ ಗಣಿತದ ಟೀಚರ್ ಮಾತಾಡಬೇಕೆಂದು ಹೇಳಿಕಳಿಸಿದರು. ಇವಳು ಹೋಗಲಿಲ್ಲ. ಫೋನ್ ಬಂದಾಗ, ಕೈ ರಕ್ತವಾಗಿದೆ ಎಂದು ಪಕ್ಕದವನಿಂದ ಫೋನನ್ನು ಕಿವಿಗೆ ಹಿಡಿಸಿಕೊಂಡು, “ನೋಡಿ ಟೀಚರ್, ಏನ್ ಮಾಡ್ತೀರೋ ಮಾಡಿ, ಅವಳು ವೇಗದ ಸೆಕ್ಷನ್ನಲ್ಲೇ ಇರ್ಬೇಕು. ಹೊಡೀಬೇಕಾದ್ರೆ ಹೊಡೀರಿ, ನಂದೇನೂ ತಕರಾರಿಲ್ಲ” ಅಂದಳು. ಆ ಕಡೆಯಿಂದ ಬಂದ ಉತ್ತರವನ್ನು ಕೇಳುವ ವ್ಯವಧಾನ ಅವಳಿಗಿರಲಿಲ್ಲ.

ವಿಷಯ ಗೊತ್ತಾದದ್ದು ಒಬ್ಬ ಗಿರಾಕಿಯಿಂದ. ಔಷಧದ ಅಂಗಡಿಯವನ ಹೆಂಡತಿ, ಅವಳ ಮಗಳೂ ಅದೇ ಸೆಕ್ಷನ್. ಮಧ್ಯಾಹ್ನದ ಹೊತ್ತು ತೊಡೆಯ ಭಾಗ ಆರಿಸುತ್ತ, “ಪಾಪ, ನಿಮ್ಮ ಮಿಷನ್ನು ಸಾಮಾನ್ಯಕ್ಕೆ ಇಳಿದುಬಿಟ್ಟಳಂತಲ್ಲ? ಆ ಟೀಚರ್ರೇ ಇಳಿಸಿದ್ರಂತೆ. ಬಿಡಿ, ಎಲ್ಲರಿಗೂ ಆಗೋ ಕೆಲ್ಸ ಅಲ್ಲ ಅದು” ಅಂದಳು.

ಕತ್ತಿಯಕ್ಕ ಎತ್ತಿದ ಕತ್ತಿಯನ್ನು ದಿಮ್ಮಿಗೆ ಎಷ್ಟು ಜೋರಾಗಿ ಹೊಡೆದಳೆಂದರೆ ಅದು ಅಲ್ಲೇ ನೆಟ್ಟುಕೊಂಡಿತು. ಅದನ್ನು ಕೀಳುವುದಕ್ಕೂ ನಿಲ್ಲದೆ ಹೊರಟಳು. ಏಪ್ರನ್ ಬಿಚ್ಚಲಿಲ್ಲ. ಅದರ ಜೇಬಿನಲ್ಲಿ ಕತ್ತಿ ಮಸೆಯುವ ಉಕ್ಕಿನ ಸಲಾಕೆ ಇದ್ದದ್ದು ಅವಳ ಗಮನಕ್ಕೆ ಬಂದಿತ್ತೋ ಇಲ್ಲವೋ. ಮುಂದೆ ಕೋರ್ಟಿನಲ್ಲಿ ಅದನ್ನೇ ಮತ್ತೆ ಮತ್ತೆ ಕೇಳಿದರು.

ಶಾಲೆಯ ಗೇಟಿನಲ್ಲಿ ಕಾವಲುಗಾರ ಅಡ್ಡ ಬಂದ. ಏಪ್ರನ್ ಮೇಲಿನ ರಕ್ತ ನೋಡಿ ಅವನೇ ಪಕ್ಕಕ್ಕೆ ಸರಿದ.

ಸ್ಟಾಫ್ ರೂಮಿನಲ್ಲಿ ಗಣಿತದ ಟೀಚರ್ ಒಬ್ಬರೇ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದರು. ತೆಳ್ಳಗಿನ ಹೆಂಗಸು, ದಪ್ಪ ಕನ್ನಡಕ, ಮುಂದೆ ಒಂದು ಲೋಟ ಬಿಸಿ ಚಹಾ. ಬಾಗಿಲಲ್ಲಿ ನಿಂತವಳನ್ನು ಕಂಡು ಎದ್ದು ನಿಂತರು.

“ಬನ್ನಿ, ಕೂತ್ಕೊಳ್ಳಿ. ನಾನೇ ನಿಮ್ಮನ್ನ...”

“ನನ್ ಮಗಳನ್ನ ಇಳಿಸಿದ್ದು ಯಾರು?”

“ನಾನೇ.”

ಆ ಮಾತು ಅವರ ಬಾಯಿಂದ ಪೂರ್ತಿ ಹೊರಬೀಳುವ ಮೊದಲೇ ಕತ್ತಿಯಕ್ಕನ ಕೈ ಬೀಸಿತು. ಕನ್ನಡಕ ಹಾರಿ ಗೋಡೆಗೆ ಬಡಿಯಿತು. ಟೀಚರ್ ಮೇಜಿನ ಮೇಲೆ ಬಿದ್ದರು, ಪತ್ರಿಕೆಗಳೆಲ್ಲ ನೆಲದ ಪಾಲಾದವು. ಕತ್ತಿಯಕ್ಕ ಅವರ ಕುತ್ತಿಗೆಯ ಹಿಂಭಾಗ ಹಿಡಿದು ಎತ್ತಿದಳು, ಕುರಿಮರಿಯನ್ನು ಎತ್ತುವ ಹಾಗೆ. “ಯಾಕೆ? ಕಟುಕರ ಮಗಳು ಅಂತಾನಾ? ಹೇಳು, ಯಾಕೆ?”

ಟೀಚರ್ ಸುಮ್ಮನೆ ಹೊಡೆಸಿಕೊಳ್ಳುವ ಹೆಂಗಸಾಗಿರಲಿಲ್ಲ. ಕೈಗೆ ಸಿಕ್ಕ ಚಹಾದ ಲೋಟವನ್ನು ಹಾಗೇ ಇವಳ ಮುಖಕ್ಕೆ ಎರಚಿದರು. ಸುಟ್ಟ ಕೆನ್ನೆ ಹಿಡಿದು ಇವಳು ಹಿಂದೆ ಸರಿಯುವಷ್ಟರಲ್ಲಿ ಕುರ್ಚಿಯೊಂದನ್ನು ನಡುವೆ ಎಳೆದುಕೊಂಡರು. ಮೂಗಿನಿಂದ ರಕ್ತ ಸುರಿದು ತುಟಿಯ ಮೇಲೆ ಇಳಿಯುತ್ತಿತ್ತು.

“ಅವಳಿಗೆ ಪಾಠ ಅರ್ಥ ಆಗ್ತಿರ್ಲಿಲ್ಲ, ಅದಕ್ಕೆ ಇಳಿಸ್ದೆ. ಅದು ನನ್ನ ನಿರ್ಧಾರ. ಬೇರೆ ಯಾರದ್ದೂ ಅಲ್ಲ.”

“ಸುಳ್ಳು!”

ಕುರ್ಚಿ ಕಿತ್ತು ಪಕ್ಕಕ್ಕೆಸೆದು ಮತ್ತೆ ಮೇಲೆ ಬಿದ್ದಳು. ಗದ್ದಲ ಕೇಳಿ ಡ್ರಿಲ್ ಮಾಸ್ಟರ್ ಓಡಿಬಂದು ಹಿಂದಿನಿಂದ ಅವಳ ತೋಳು ಹಿಡಿದ. ಆಗಲೇ ಸಲಾಕೆ ಹೊರಬಂದದ್ದು. ಒಂದೇ ಪೆಟ್ಟಿಗೆ ಅವನ ಮಂಡಿ ಕುಸಿಯಿತು. ಬಾಗಿಲ ಬಳಿ ಸೇರಿದ್ದ ಮಕ್ಕಳು ಚೀರುತ್ತ ಚದುರಿದರು. ಒಬ್ಬಳು ಮಾತ್ರ ಚದುರದೆ ಒಳಗೆ ಬಂದಳು.

“ಅಮ್ಮ, ಬಿಡು ಅವರನ್ನ.”

“ನೀನು ಹೊರಗೆ ನಡಿ!”

“ನಾನೇ ಕೇಳ್ಕೊಂಡಿದ್ದು.”

ಟೀಚರ್ ರಕ್ತದ ಬಾಯಲ್ಲೇ, “ಬೇಡ ಕಣಮ್ಮ, ಸುಮ್ನಿರು” ಅಂದರು.

ಹುಡುಗಿ ಸುಮ್ಮನಿರಲಿಲ್ಲ. “ನನ್ನನ್ನ ಸಾಮಾನ್ಯಕ್ಕೆ ಹಾಕಿ ಅಂತ ಟೀಚರ್ ಹತ್ರ ನಾನೇ ಅತ್ತೆ. ಅಮ್ಮಂಗೆ ಗೊತ್ತಾದ್ರೆ ಸಾಯಿಸ್ತಾಳೆ, ನೀವೇ ಮಾಡಿದ್ದು ಅಂತ ಹೇಳಿ ಅಂತ ಕಾಲು ಹಿಡ್ಕೊಂಡೆ. ನಂಗೆ ರಾತ್ರಿ ನಿದ್ದೆ ಬರಲ್ಲ ಅಮ್ಮ. ಅಕ್ಷರ ನೋಡಿದ್ರೆ ವಾಂತಿ ಬರುತ್ತೆ. ನಿನ್ನ ನೋಡಿದ್ರೂ ಬರುತ್ತೆ.”

ಕತ್ತಿಯಕ್ಕನಿಗೆ ಆಮೇಲಿನದು ಸರಿಯಾಗಿ ನೆನಪಿಲ್ಲ. ಪಿತ್ತ ನೆತ್ತಿಗೇರಿತ್ತು, ಕಣ್ಣಿಗೆ ಕತ್ತಲೆ ಕವಿದಿತ್ತು, ಕೈ ಮೇಲೆದ್ದಿತ್ತು. ಸಲಾಕೆ ಮಗಳ ತಲೆಯ ಕಡೆಗೆ ಇಳಿಯಿತು. ನಡುವೆ ಟೀಚರ್ ತಮ್ಮ ಬಲಗೈ ಅಡ್ಡ ಒಡ್ಡಿದರು.

ಆ ಸದ್ದು ಮಾತ್ರ ಅವಳಿಗೆ ನೆನಪಿದೆ. ದಿನ ಬೆಳಗಾದರೆ ಕೇಳುವ ಸದ್ದು. ಹಸಿ ಎಲುಬು ಮುರಿಯುವ ಸದ್ದು. ಚರ್ಮದ ಒಳಗೆ ಯಾವ ಎಲುಬು, ಎಲ್ಲಿ, ಎಷ್ಟು ತುಂಡಾಗಿದೆ ಎಂಬುದು ನೋಡದೆಯೇ ಅವಳಿಗೆ ತಿಳಿಯಿತು. ಈ ಸದ್ದು ಬರಬೇಕಾಗಿದ್ದದ್ದು ಮಗಳ ತಲೆಬುರುಡೆಯಿಂದ ಎಂಬುದು ಹೊಳೆದ ಕೂಡಲೇ ಅವಳ ಬೆರಳು ಸಡಿಲವಾದವು. ಸಲಾಕೆ ನೆಲಕ್ಕೆ ಬಿತ್ತು.

ಅದನ್ನು ಎತ್ತಿಕೊಂಡವಳು ಮಗಳು. ಎತ್ತಿಕೊಂಡು ತಾಯಿಯ ಹಣೆಗೆ ಹೊಡೆದಳು. ಎಳೆಯ ಕೈ, ಆದರೂ ಹುಬ್ಬಿನ ಮೇಲೆ ಚರ್ಮ ಹರಿದು ರಕ್ತ ಕಣ್ಣಿಗಿಳಿಯಿತು. ಮತ್ತೊಮ್ಮೆ ಎತ್ತಿದಳು. ಕತ್ತಿಯಕ್ಕ ತಡೆಯಲಿಲ್ಲ. ತಡೆದದ್ದು ಟೀಚರ್. ಮುರಿದ ಕೈಯನ್ನು ಹೊಟ್ಟೆಗೆ ಅವುಚಿಕೊಂಡು, ಇನ್ನೊಂದರಿಂದ ಹುಡುಗಿಯನ್ನು ಎಳೆದು, “ಸಾಕು ಕಣೇ, ಸಾಕು” ಅಂದರು. ಹುಡುಗಿ ಅವರ ಕಾಲ ಬುಡದಲ್ಲೇ ವಾಂತಿ ಮಾಡಿದಳು.

ಪೊಲೀಸರು ಬಂದಾಗ ಕತ್ತಿಯಕ್ಕ ಗೋಡೆಗೊರಗಿ ಕೂತಿದ್ದಳು. ಎಳೆದುಕೊಂಡು ಹೋಗುವ ತೊಂದರೆಯನ್ನು ಅವರಿಗೆ ಕೊಡಲಿಲ್ಲ.

ಠಾಣೆಗೆ ತಂಗಿ ಬಂದಳು. ಬಟ್ಟೆ ಒಗೆಯುವ ಅಂಗಡಿಯಲ್ಲಿ ಇಸ್ತ್ರಿ ಮಾಡುವವಳು. ಚಿಕ್ಕಂದಿನಿಂದ ಅಕ್ಕನಿಗೆ ಎದುರಾಡಿದವಳಲ್ಲ. ಕಂಬಿಯ ಆಚೆ ನಿಂತಳು.

“ಮಗಳನ್ನ ಮನೆಗೆ ಕರ್ಕೊಂಡು ಹೋಗು, ಬಾಗಿಲು ಭದ್ರ ಮಾಡ್ಕೋ ಅಂತ ಹೇಳು” ಅಂದಳು ಕತ್ತಿಯಕ್ಕ.

“ನನ್ ಮನೇಲಿದ್ದಾಳೆ. ಅಲ್ಲೇ ಇರ್ತಾಳೆ.”

“ನಾನು ಬಂದ್ಮೇಲೆ...”

“ಬಂದ್ಮೇಲೂ ಅಲ್ಲೇ ಇರ್ತಾಳೆ ಅಕ್ಕ. ಅವಳ ಬೆನ್ನು ನೋಡ್ದೆ ನಾನು. ನಿಂಗೆ ಹುಟ್ಟಿದ್ದು ಅದು, ನೀನು ಕಡಿಯೋಕೆ ತಂದಿದ್ದಲ್ಲ.” ತಂಗಿಯ ದನಿ ಒಡೆಯಿತು. “ಕೇಳ್ಬೇಡ ನನ್ನ, ಕೊಡಲ್ಲ.”

ಹಿಂದೆಯಾಗಿದ್ದರೆ ಆ ಮಾತಿಗೆ ಕಂಬಿಯ ಸಂದಿನಿಂದಲೇ ಕೈ ಹೋಗುತ್ತಿತ್ತು. ಈಗ ಅವಳು ಸುಮ್ಮನೆ ತಲೆ ಬಗ್ಗಿಸಿದಳು. ಹುಬ್ಬಿನ ಮೇಲಿನ ಹೊಲಿಗೆ ಚುರುಗುಟ್ಟುತ್ತಿತ್ತು.

ರಾಜಿ ಮಾಡಿಸಲು ಮಾರುಕಟ್ಟೆಯವರು ಟೀಚರ್ ಮನೆಗೆ ಹೋಗಿದ್ದರು. ಅವರು ಯಾರನ್ನೂ ಒಳಗೆ ಸೇರಿಸಲಿಲ್ಲ. ಕೋರ್ಟಿಗೆ ಪಟ್ಟಿ ಕಟ್ಟಿದ ಕೈಯನ್ನು ಕೊರಳಿಗೆ ನೇತುಹಾಕಿಕೊಂಡು ಬಂದು ನಡೆದದ್ದನ್ನು ಒಂದಕ್ಷರ ಬಿಡದೆ ಹೇಳಿದರು. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು, “ಏನಮ್ಮ ಇದು ಸಾಮಾನ್ಯ, ವೇಗ ಅಂತ? ಇಷ್ಟು ರಕ್ತ ಹರಿಯುವಂಥದ್ದೇನಿದೆ ಅದರಲ್ಲಿ?” ಎಂದು ಕೇಳಿದರು.

“ಏನೂ ಇಲ್ಲ ಸ್ವಾಮಿ” ಅಂದರು ಟೀಚರ್. “ಎರಡರಲ್ಲೂ ಇರೋದು ಅದೇ ಪಾಠ. ಸಾಮಾನ್ಯದವರು ಎಂಟನೇ ಕ್ಲಾಸಲ್ಲಿ ಅಂಕಗಣಿತ ಗಟ್ಟಿ ಮಾಡ್ಕೊಂಡು ಒಂಬತ್ತರಲ್ಲಿ ಬೀಜಗಣಿತ ಶುರುಮಾಡ್ತಾರೆ, ಆಮೇಲೆ ರೇಖಾಗಣಿತ, ಕೊನೇ ವರ್ಷಕ್ಕೆ ತ್ರಿಕೋನಮಿತಿ. ವೇಗದವರು ಎಂಟರಲ್ಲೇ ಬೀಜಗಣಿತ ಹಿಡೀತಾರೆ, ಹಾಗಾಗಿ ಕೊನೇ ವರ್ಷ ಕಲನಶಾಸ್ತ್ರಕ್ಕೆ, ಅಂದ್ರೆ ಕ್ಯಾಲ್ಕುಲಸ್‌ಗೆ, ಜಾಗ ಸಿಗುತ್ತೆ. ಅಷ್ಟೇ ವ್ಯತ್ಯಾಸ. ಕೆಲವು ಮಕ್ಕಳಿಗೆ ಆ ಓಟ ಹಿಡಿಸುತ್ತೆ, ನಿಧಾನಕ್ಕೆ ಹೋದ್ರೆ ಬೇಜಾರಾಗಿ ಕಿಟಕಿ ನೋಡ್ತಾ ಕೂರ್ತಾರೆ. ಕೆಲವರಿಗೆ ಹಿಡಿಸಲ್ಲ. ಈ ಹುಡುಗಿ ಲೆಕ್ಕ ಮಾಡೋದ್ರಲ್ಲಿ ಚುರುಕು. ಆದ್ರೆ ಯಾಕೆ ಅಂತ ಗೊತ್ತಾಗ್ದೆ ಮುಂದಕ್ಕೆ ಹೆಜ್ಜೆ ಇಡಲ್ಲ. ಅದು ದಡ್ಡತನ ಅಲ್ಲ. ಅಂಥವರಿಗೆ ಸಮಯ ಬೇಕು. ಮುಂದೆ ಬೇಕು ಅನ್ನಿಸಿದ್ರೆ ಒಂದು ವರ್ಷ ಎರಡು ಗಣಿತ ಒಟ್ಟಿಗೆ ತಗೊಂಡು ವೇಗದವರನ್ನ ಸೇರ್ಕೋಬಹುದು. ಇದನ್ನೇ ಫೋನಲ್ಲಿ ಹೇಳೋಕೆ ಹೋದೆ. ಅವರು ಇಟ್ಬಿಟ್ರು.”

ಕಟಕಟೆಯಲ್ಲಿ ನಿಂತು ಬಾಯಿ ಮುಚ್ಚಿಕೊಂಡಿರಲೇಬೇಕಾಗಿದ್ದ ಕತ್ತಿಯಕ್ಕ ಆ ಮಾತನ್ನು ಮೊದಲ ಸಲ ಕೊನೆಯವರೆಗೂ ಕೇಳಿದಳು. ಇಷ್ಟೇನಾ ಅನ್ನಿಸಿತು. ಇಷ್ಟಕ್ಕೇನಾ ಅನ್ನಿಸಿತು. ಮಗಳು ಸಾಕ್ಷಿ ಹೇಳಲು ಬಂದಾಗ ಅವಳು ಕಣ್ಣೆತ್ತಲಿಲ್ಲ. ಹುಡುಗಿಯ ಚಪ್ಪಲಿಯನ್ನೇ ನೋಡುತ್ತ ನಿಂತಳು. ಹೊಸ ಚಪ್ಪಲಿ, ತಂಗಿ ಕೊಡಿಸಿರಬೇಕು.

ಶಿಕ್ಷೆ ಮುಗಿಸಿ ಹೊರಗೆ ಬರುವ ಹೊತ್ತಿಗೆ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಳು. ಕತ್ತಿಯಕ್ಕ ಮತ್ತೆ ಅಂಗಡಿ ತೆರೆದಳು. ಗಿರಾಕಿಗಳು ಮೊದಲು ಹೆದರಿ ದೂರ ಇದ್ದರು, ಆಮೇಲೆ ಒಬ್ಬೊಬ್ಬರೇ ಬಂದರು. ಲೆಕ್ಕವನ್ನು ಈಗ ತಾನೇ ಬೆರಳು ಎಣಿಸಿ ಮಾಡುತ್ತಿದ್ದಳು, ತಪ್ಪುತ್ತಿದ್ದಳು.

ಒಂದು ಸಂಜೆ ಬಸ್ ಸ್ಟಾಪಿನಲ್ಲಿ ಟೀಚರ್ ಸಿಕ್ಕರು. ಬಲಗೈ ಪೂರ್ತಿ ಚಾಚಲು ಬರುತ್ತಿರಲಿಲ್ಲ. ಹಲಗೆಯ ಮೇಲ್ಭಾಗದಲ್ಲಿ ಬರೆಯುವುದಕ್ಕೆ ಈಗ ಮಕ್ಕಳನ್ನು ಕರೆಯುತ್ತಾರೆಂದು ತಂಗಿ ಹೇಳಿದ್ದಳು. ಕತ್ತಿಯಕ್ಕ ಎದುರಿಗೆ ಹೋಗಿ ನಿಂತಳು.

“ಟೀಚರ್, ನಾನು...”

“ಹೇಳ್ಬೇಡಿ” ಅಂದರು ಟೀಚರ್. ಮುಖ ಬಿಳಿಚಿಕೊಂಡಿತ್ತು, ಆದರೂ ಹಿಂದೆ ಸರಿಯಲಿಲ್ಲ. “ನೀವು ಹೇಳಿದ್ರೆ ಪರವಾಗಿಲ್ಲ ಅನ್ಬೇಕಾಗುತ್ತೆ. ನಂಗೆ ಹಾಗೆ ಅನ್ನೋಕಾಗಲ್ಲ. ದಾರಿ ಬಿಡಿ.”

ಅವಳು ದಾರಿ ಬಿಟ್ಟಳು.

ಮಗಳು ಮೊದಲ ಸಲ ಅಂಗಡಿಗೆ ಬಂದದ್ದು ವ್ಯಾಪಾರ ಮುಗಿದ ಒಂದು ಮಧ್ಯಾಹ್ನ. ಚಿಕ್ಕಮ್ಮ ಹೊರಗೆ ರಸ್ತೆಯಲ್ಲೇ ನಿಂತಿದ್ದಳು. ಹುಡುಗಿ ಎತ್ತರವಾಗಿದ್ದಳು. ಸ್ಟೂಲನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡು ಕೂತಳು.

“ಬೀಜಗಣಿತದಲ್ಲಿ ಈಗ ಚೆನ್ನಾಗಿ ಬರ್ತಿದೆ” ಅಂದಳು. “ಮುಂದಿನ ವರ್ಷ ಎರಡು ಗಣಿತ ಒಟ್ಟಿಗೆ ತಗೋತೀಯಾ ಅಂತ ಟೀಚರ್ ಕೇಳಿದ್ರು. ನಾನಿನ್ನೂ ಏನೂ ಹೇಳಿಲ್ಲ.”

ತಗೋ ಎಂಬ ಮಾತು ಕತ್ತಿಯಕ್ಕನ ಗಂಟಲವರೆಗೆ ಬಂತು. ಅದನ್ನು ಉಗುಳಿನ ಜೊತೆ ನುಂಗಿದಳು. ಕೆನ್ನೆಯ ಮೇಲೆ ನೊಣ ಕೂತಿತೆಂದು ಕೈ ಎತ್ತಿದಳು, ಅಷ್ಟೇ. ಹುಡುಗಿ ಸ್ಟೂಲಿನಿಂದ ಧಡಕ್ಕನೆ ಎದ್ದು ಹೊಸ್ತಿಲು ದಾಟಿಬಿಟ್ಟಳು. ರಸ್ತೆಯಲ್ಲಿ ಚಿಕ್ಕಮ್ಮ ಎರಡು ಹೆಜ್ಜೆ ಮುಂದೆ ಬಂದಳು.

“ನೊಣ” ಅಂದಳು ಕತ್ತಿಯಕ್ಕ. “ನೊಣ ಕಣೇ.”

ಹುಡುಗಿ ಹೊಸ್ತಿಲಾಚೆ ನಿಂತೇ ಇದ್ದಳು. ಕತ್ತಿಯಕ್ಕ ದಿಮ್ಮಿಯ ಪಕ್ಕದ ಬೆಂಚಿನ ಮೇಲೆ ಕೂತು, ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು. ನೊಣ ಕೆನ್ನೆಯಿಂದ ಹುಬ್ಬಿಗೆ, ಹುಬ್ಬಿನಿಂದ ಮೂಗಿಗೆ ನಡೆದಾಡಿತು. ಅವಳು ಅಲುಗಾಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಮಗಳು ಒಳಗೆ ಬಂದು ಸ್ಟೂಲಿನ ತುದಿಯಲ್ಲಿ ಕೂತಳು.